ಎಂಟನೇ ಮೈಲಿಯಲ್ಲಿ ಗುಣಮಟ್ಟದ ಬೇರು

ಕೆಂಗೇರಿ ಉಪನಗರ ದಾಟಿ ಮೈಸೂರಿನ ಕಡೆ ಹೊರಟರೆ ಕುಂಬಳಗೋಡಿನ ಸಣ್ಣ ಕಾರ್ಖಾನೆಗಳು, ಅದರಾಚೆ ಬಿಡದಿಯ ಟೊಯೊಟಾ. ಬೆಂಗಳೂರು ಪೇಟೆಯ ಕಡೆ ತಿರುಗಿದರೆ ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿ, ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಹತ್ತಿರ, ಭಾರತೀಯ ಸಾಂಖ್ಯಿಕ ಸಂಸ್ಥೆ. ಗುಣಮಟ್ಟದ ಮಾತು ಬಂದಾಗ ನಮ್ಮವರು ಬಿಡದಿಯನ್ನೂ ಜಪಾನನ್ನೂ ಹೊಗಳುತ್ತಾರೆ. ಎಂಟನೇ ಮೈಲಿಯ ನೆನಪಾಗುವುದು ಅಪರೂಪ.

1924ರಲ್ಲಿ ಅಮೆರಿಕದ ಎಂಜಿನಿಯರ್ ವಾಲ್ಟರ್ ಶೆವ್ಹಾರ್ಟ್ ಒಂದು ನಕ್ಷೆ ಬರೆದರು. ಒಂದೇ ಯಂತ್ರದಿಂದ ಬಂದ ಎರಡು ಬಿಡಿಭಾಗಗಳ ಅಳತೆಯಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಆ ಏರಿಳಿತ ಎಲ್ಲಿಯವರೆಗೆ ಸಹಜ, ಎಲ್ಲಿಂದಾಚೆ ಏನೋ ಕೆಟ್ಟಿದೆ ಎಂಬುದನ್ನು ನಕ್ಷೆಯ ಎರಡು ಗೆರೆಗಳು ಹೇಳುತ್ತವೆ. ಗೆರೆಯೊಳಗಿನ ಏರಿಳಿತಕ್ಕೆ ಕೆಲಸಗಾರನನ್ನು ಬೈದು ಫಲವಿಲ್ಲ. ಯಂತ್ರ, ಕಚ್ಚಾ ಸಾಮಗ್ರಿ, ವಿಧಾನ ಇವನ್ನೆಲ್ಲ ಆರಿಸಿದ ಆಡಳಿತವೇ ಅದನ್ನು ತಗ್ಗಿಸಬೇಕು. ಗುಣಮಟ್ಟದ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ನ್ಯಾಯದ ಮಾತು ನನಗೆ ಕಂಡಿಲ್ಲ.

ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಪಿ.ಸಿ. ಮಹಾಲನೋಬಿಸ್ ಕರೆದದ್ದಕ್ಕೆ ಶೆವ್ಹಾರ್ಟ್ 1947–48ರಲ್ಲಿ ಭಾರತಕ್ಕೆ ಬಂದರು. ಗುಣಮಟ್ಟದ ಪಾಠಕ್ಕೆ ಹೆಸರಾದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಜಪಾನಿನಲ್ಲಿ ತಮ್ಮ ಹೆಸರಾಂತ ಉಪನ್ಯಾಸಗಳನ್ನು ಕೊಟ್ಟದ್ದು ಆಮೇಲೆ, 1950ರಲ್ಲಿ. ಮಹಾಲನೋಬಿಸರ ಸಂಸ್ಥೆ 1954ರಲ್ಲಿ ಬೆಂಗಳೂರಿನಲ್ಲಿ ಗುಣಮಟ್ಟ ನಿಯಂತ್ರಣ ಘಟಕ ತೆರೆಯಿತು. ಮೈಸೂರು ರಸ್ತೆಯ ಕೇಂದ್ರಕ್ಕೆ ಅದೇ ಮೊದಲು.

ಇನ್ನೊಂದು ಎಳೆ ನಮ್ಮ ಹೂವಿನ ಹಡಗಲಿಯದು. ಅಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಇದೇ ಸಂಸ್ಥೆಯಲ್ಲಿ ಬೆಳೆದವರು. 1940ರ ದಶಕದಲ್ಲಿ ಅವರು ‘ಆರ್ಥಾಗೊನಲ್ ಅರೇ’ ಎಂಬ ಪ್ರಯೋಗ ವಿನ್ಯಾಸ ರೂಪಿಸಿದರು. ಏಳು ಅಂಶಗಳಿಗೆ ತಲಾ ಎರಡು ಆಯ್ಕೆಗಳಿದ್ದರೆ ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಲು ಒಟ್ಟು 128 ಪ್ರಯೋಗಗಳಾಗುತ್ತವೆ. ಈ ವಿನ್ಯಾಸ ಹಿಡಿದರೆ ಎಂಟೇ ಪ್ರಯೋಗದಲ್ಲಿ ಯಾವ ಅಂಶದ ಪ್ರಭಾವ ಎಷ್ಟೆಂದು ಅಂದಾಜಿಸಬಹುದು. ಅದನ್ನು ಕಾರ್ಖಾನೆಗಳಿಗೆ ಒಯ್ದು ಹೆಸರಾದವರು ಜಪಾನಿನ ಗೆನಿಚಿ ತಾಗುಚಿ; 1954–55ರಲ್ಲಿ ಅವರು ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಜಪಾನಿನ ಟೈಲ್ಸ್ ಕಂಪನಿಯೊಂದರಲ್ಲಿ ಗೂಡಿನ ಶಾಖ ಸಮನಾಗಿಲ್ಲದೆ ಟೈಲ್ಸ್ ಅಳತೆ ಕೆಡುತ್ತಿತ್ತು. ದುಬಾರಿ ಗೂಡನ್ನು ಮುಟ್ಟದೆ, ಮಣ್ಣಿನಲ್ಲಿ ಸುಣ್ಣದ ಪ್ರಮಾಣ ಹೆಚ್ಚಿಸಿ ಅದನ್ನು ಸರಿಪಡಿಸಿದ್ದು ಇಂಥ ಪ್ರಯೋಗದಿಂದಲೇ.

ಟೊಯೊಟಾ ಪದ್ಧತಿಯಲ್ಲಿ ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದು ಇಡೀ ಉತ್ಪಾದನಾ ಸಾಲನ್ನೇ ನಿಲ್ಲಿಸಬಹುದು. ಅವನ ಮೇಲೆ ಅಷ್ಟು ನಂಬಿಕೆಯಿಲ್ಲದ ಕಡೆ ಗೋಡೆಯ ಮೇಲಿನ ಗುಣಮಟ್ಟದ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಕುಂಬಳಗೋಡಿನ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಪ್ರಮಾಣಪತ್ರಕ್ಕೆ ಹಣ ಕಟ್ಟುವ ಮೊದಲು ಯಂತ್ರದ ಮುಂದೆ ನಿಂತವನನ್ನು ಕೇಳಿ, ಅಳತೆ ಎಲ್ಲಿ ತಪ್ಪುತ್ತಿದೆ ಎಂದು.