ತಡವರಿಸುವ ಪುಟಕ್ಕೆ ಹಾಜರಿಯ ಪಾಠ

ಅರ್ಜಿ ಸಲ್ಲಿಸಲು ಕೊನೆಯ ದಿನ. ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡಲು ಎಷ್ಟೋ ಹೊತ್ತು. ‘ಮೊಬೈಲ್ ಹಳೆಯದಾಯಿತು’ ಎಂದು ಮಕ್ಕಳು, ‘ನೆಟ್‌ವರ್ಕ್ ಸರಿಯಿಲ್ಲ’ ಎಂದು ಹಿರಿಯರು ಹೇಳುತ್ತಾರೆ. ಎರಡೂ ನಿಜವಿರಬಹುದು. ಆದರೆ ಕೆಲವೊಮ್ಮೆ ದೋಷವಿರುವುದು ಆ ಪುಟವನ್ನು ಬರೆದ ರೀತಿಯಲ್ಲಿ.

ಇಂದಿನ ಅನೇಕ ವೆಬ್ ಪುಟಗಳಲ್ಲಿ ‘ಡೇಟಾ ಬೈಂಡಿಂಗ್’ ಎಂಬ ವ್ಯವಸ್ಥೆ ಇರುತ್ತದೆ. ಒಳಗಿರುವ ಮಾಹಿತಿಗೂ ಪರದೆಯ ಮೇಲೆ ಕಾಣುವುದಕ್ಕೂ ಗಂಟು ಹಾಕುವುದೇ ಇದರ ಕೆಲಸ. ಗಣಿತದ ಅಂಕವನ್ನು 62ರಿಂದ 68ಕ್ಕೆ ತಿದ್ದಿದರೆ ಒಟ್ಟು ಅಂಕವೂ ತಾನಾಗಿ ಬದಲಾಗುತ್ತದೆ. ಅಂಕ ಬದಲಾಯಿತೆಂದು ಪುಟಕ್ಕೆ ಗೊತ್ತಾಗುವುದು ಹೇಗೆ?

ತರಗತಿಯನ್ನೇ ನೆನೆಯಿರಿ. ಯಾರಿಗೆ ಸಂದೇಹವಿದೆ ಎಂದು ತಿಳಿಯಲು ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಕೇಳಬಹುದು. ಇಲ್ಲವೇ, ಸಂದೇಹವಿದ್ದವರು ಕೈ ಎತ್ತಿ ಎನ್ನಬಹುದು. 2010ರಲ್ಲಿ ಬಂದ, ಗೂಗಲ್ ಬೆಳೆಸಿದ ಆಂಗ್ಯುಲರ್‌ಜೆಎಸ್ ಮೊದಲನೆಯ ಕ್ರಮ ಹಿಡಿಯಿತು. ಅದೇ ವರ್ಷ ಬಂದ ನಾಕೌಟ್ ಎರಡನೆಯದನ್ನು ಹಿಡಿಯಿತು. ಆಂಗ್ಯುಲರ್‌ಜೆಎಸ್‌ಗೆ ಗೂಗಲ್‌ನ ಬೆಂಬಲ 2021ರ ಕೊನೆಗೆ ನಿಂತಿತು. ಅದು ಕಲಿಸಿದ ಪಾಠ ಮಾತ್ರ ಹಳತಾಗಿಲ್ಲ.

ಹಾಜರಿ ಕ್ರಮದ ಲೆಕ್ಕ ಹಾಕೋಣ. 200 ವಿದ್ಯಾರ್ಥಿಗಳ ಅಂಕಪಟ್ಟಿ. ನೋಂದಣಿ ಸಂಖ್ಯೆ, ಹೆಸರು, ಆರು ವಿಷಯ, ಒಟ್ಟು ಅಂಕ ಎಂದು ಸಾಲಿಗೆ 9 ಅಂಕಣ. ಗಂಟುಗಳು 1,800. ಹುಡುಕುವ ಜಾಗದಲ್ಲಿ 10 ಅಕ್ಷರ ಒತ್ತಿದರೆ ಕನಿಷ್ಠ 18,000 ಪರಿಶೀಲನೆ! ಬದಲಾವಣೆ ಕಂಡರೆ, ಅದರಿಂದ ಇನ್ನೇನಾದರೂ ಬದಲಾಗಿದೆಯೇ ಎಂದು ಮತ್ತೊಂದು ಸುತ್ತು ಬೇರೆ. ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗಬೇಕಾದರೆ ಒಂದು ಬಾರಿಗೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಕೆಲಸ ಅದನ್ನು ಮೀರಿದರೆ ಪುಟ ತಡವರಿಸುತ್ತದೆ. ಸಾಧಾರಣ ಮೊಬೈಲ್‌ಗೆ ಈ ಹೊರೆ ಇನ್ನೂ ಹೆಚ್ಚು.

ಪರಿಹಾರ ಸರಳ. ಒಮ್ಮೆಗೆ 20 ಸಾಲು ಮಾತ್ರ ತೋರಿಸಿದರೆ ಗಂಟುಗಳು 180ಕ್ಕೆ ಇಳಿಯುತ್ತವೆ. ಸಂಖ್ಯೆ, ಹೆಸರು ಬದಲಾಗುವಂಥವಲ್ಲ. ಅವನ್ನು ಒಮ್ಮೆ ತೋರಿಸಿ ಗಂಟು ಬಿಚ್ಚಿದರೆ ಉಳಿಯುವುದು 140. ಪ್ರತಿ ಅಕ್ಷರಕ್ಕೂ ಓಡದೆ, ಟೈಪಿಸುವುದು ನಿಂತ ಮೇಲೆ ಒಮ್ಮೆ ಪರಿಶೀಲಿಸಿದರೆ 18,000 ಇದ್ದದ್ದು 140 ಆಗುತ್ತದೆ. ಕೈ ಎತ್ತುವ ಕ್ರಮದಲ್ಲೂ ಸಾಲುಗಳನ್ನು ಕಡಿಮೆ ಮಾಡುವುದು ಲಾಭವೇ, ಏಕೆಂದರೆ ಕಾಣುವ ಪ್ರತಿ ಸಾಲನ್ನೂ ಬ್ರೌಸರ್ ಜೋಡಿಸಿ ಚಿತ್ರಿಸಲೇಬೇಕು. 2013ರಲ್ಲಿ ಫೇಸ್‌ಬುಕ್ ಹೊರತಂದ ರಿಯಾಕ್ಟ್, ಹಳೆಯ ಹಾಗೂ ಹೊಸ ನಕಲನ್ನು ಹೋಲಿಸಿ ವ್ಯತ್ಯಾಸವಿರುವಲ್ಲಿ ಮಾತ್ರ ಪರದೆಯನ್ನು ತಿದ್ದುತ್ತದೆ.

ಪ್ರೋಗ್ರಾಮಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಊಹೆಯ ಮೇಲೆ ತಿದ್ದಬೇಡಿ. ಪ್ರಯೋಗಶಾಲೆಯಲ್ಲಿ ಮಾಡುವಂತೆ ಮೊದಲು ಅಳೆಯಿರಿ. ಯಾವ ಕೆಲಸಕ್ಕೆ ಎಷ್ಟು ಕಾಲ ಹಿಡಿಯಿತೆಂದು ತೋರಿಸುವ ಸಾಧನ ಕ್ರೋಮ್, ಫೈರ್‌ಫಾಕ್ಸ್ ಬ್ರೌಸರ್‌ಗಳಲ್ಲೇ ಇದೆ. ನೀವು ಬರೆದ ಪುಟವನ್ನು ಮನೆಯಲ್ಲಿರುವ ಅತ್ಯಂತ ಹಳೆಯ ಮೊಬೈಲ್‌ನಲ್ಲಿ ತೆರೆದು ನೋಡಿ. ಅಲ್ಲಿ ಅದು ಸಲೀಸಾಗಿ ನಡೆದರೆ, ಯಾವ ಮನೆಯ ತಂದೆತಾಯಿಯೂ ಒಂದು ಅರ್ಜಿಗಾಗಿ ಹೊಸ ಮೊಬೈಲ್ ಕೊಳ್ಳಬೇಕಾಗಿಲ್ಲ.