ಕಾಲು ಬಾವು: ಕಾರಣ ತಿಳಿದು ಚಿಕಿತ್ಸೆ ಮಾಡಿಸೋಣ

ಅಡಿಕೆ ತೋಟದಲ್ಲಿ ನೀರು ನಿಂತು ಸೋಗೆ ಹಳದಿಯಾದರೆ ನಾವು ಸೋಗೆಗೆ ಔಷಧಿ ಹೊಡೆಯುವುದಿಲ್ಲ. ಬಸಿಗಾಲುವೆ ಎಲ್ಲಿ ಕಟ್ಟಿಕೊಂಡಿದೆಯೆಂದು ನೋಡುತ್ತೇವೆ. ಕಾಲು ಬಾತಾಗಲೂ ಮಾಡಬೇಕಾದ್ದು ಇದನ್ನೇ. ಬಾವು ತಾನೇ ಒಂದು ರೋಗವಲ್ಲ, ಬೇರೊಂದು ತೊಂದರೆಯ ಚಿಹ್ನೆ. ಆದರೆ ನಮ್ಮಲ್ಲಿ ಬಹಳ ಮಂದಿ “ಕುಯ್ಲು ಮುಗಿಯಲಿ, ಆಮೇಲೆ ನೋಡೋಣ” ಎಂದು ದಿನ ದೂಡುತ್ತಾರೆ. ಇನ್ನು ಕೆಲವರು ಪೇಟೆಗೆ ಬಂದಾಗ ಅಂಗಡಿಯಲ್ಲಿ ನೀರಿಳಿಸುವ ಮಾತ್ರೆ ಕೇಳಿ ಪಡೆದು ನುಂಗುತ್ತಾರೆ. ಎರಡೂ ಅಪಾಯದ ದಾರಿಗಳೇ. ಯಾವ ಬಾವಿಗೆ ಕೆಲವು ದಿನ ಕಾಯಬಹುದು, ಯಾವುದಕ್ಕೆ ಒಂದು ದಿನವೂ ಕಾಯಬಾರದು ಎಂಬುದನ್ನು ಸದಸ್ಯರ ಮನೆಗಳಲ್ಲಿ ಎಲ್ಲರೂ ತಿಳಿದಿರುವುದು ಒಳ್ಳೆಯದು.

ಬಾವು ಬರುವ ಬಗೆ

ರಕ್ತನಾಳಗಳಿಂದ ಸ್ವಲ್ಪ ನೀರಿನಂಶ ಯಾವಾಗಲೂ ಹೊರಗೆ ಜಿನುಗುತ್ತಿರುತ್ತದೆ. ಅದು ರಕ್ತನಾಳ ಮತ್ತು ದುಗ್ಧರಸ ನಾಳಗಳ ಮೂಲಕ ಹಿಂದಿರುಗುತ್ತದೆ. ಕಾಲಿನ ರಕ್ತ ಹೃದಯಕ್ಕೆ ಮೇಲೇರಿ ಹೋಗಬೇಕಾದ್ದರಿಂದ, ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ಅದನ್ನು ಮೇಲಕ್ಕೆ ತಳ್ಳುತ್ತವೆ. ಗಂಟೆಗಟ್ಟಲೆ ನಿಂತಲ್ಲೇ ನಿಂತರೆ, ಅಥವಾ ಕಾಲು ಇಳಿಬಿಟ್ಟು ಕುಳಿತು ಅಡಿಕೆ ಸುಲಿದರೆ, ಈ ಪಂಪು ಕೆಲಸ ಮಾಡುವುದಿಲ್ಲ. ಸಂಜೆ ಕಣಕಾಲು ಊದಿ ಬೆಳಿಗ್ಗೆ ಇಳಿಯುವ ಬಾವು ಸಾಮಾನ್ಯವಾಗಿ ಈ ಬಗೆಯದು. ಕಾಲಿನಲ್ಲಿ ನರ ಉಬ್ಬಿ ಗಂಟುಗಂಟಾಗಿರುವವರಲ್ಲಿ ಇದು ಹೆಚ್ಚು.

ಹೆಬ್ಬೆರಳಿನಿಂದ ಕಣಕಾಲಿನ ಮೇಲಿನ ಎಲುಬಿನ ಮೇಲೆ ಹತ್ತು ಸೆಕೆಂಡು ಒತ್ತಿ ಹಿಡಿದು ಬಿಡಿ. ಗುಳಿ ಉಳಿದರೆ ನೀರು ತುಂಬಿದೆಯೆಂದು ಅರ್ಥ. ಬಾವು ಒಂದೇ ಕಾಲಿನಲ್ಲಿದೆಯೇ, ಎರಡರಲ್ಲೂ ಇದೆಯೇ ಎಂಬುದನ್ನು ನಂತರ ಗಮನಿಸಿ. ವೈದ್ಯರು ಕೇಳುವ ಮೊದಲ ಪ್ರಶ್ನೆಯೂ ಇದೇ.

ಒಂದೇ ಕಾಲು ಬಾತರೆ

ತೊಂದರೆ ಆ ಕಾಲಿನಲ್ಲೇ ಇರುವ ಸಂಭವ ಹೆಚ್ಚು. ಮಳೆಗಾಲದಲ್ಲಿ ಬೆರಳ ಸಂದು ಕೊಳೆತ ಜಾಗದಿಂದಲೋ, ಇಂಬಳ ಕಚ್ಚಿ ಕೆರೆದ ಗಾಯದಿಂದಲೋ ನಂಜು ಒಳಹೊಕ್ಕು ಕಾಲು ಕೆಂಪಾಗಿ, ಬಿಸಿಯಾಗಿ, ಜ್ವರ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಬೇಗ ಉಲ್ಬಣಿಸುತ್ತದೆ. ಇದಕ್ಕೆ ವೈದ್ಯರು ಕೊಡುವ ಆ್ಯಂಟಿಬಯೋಟಿಕ್ ಬೇಕೇ ಬೇಕು.

ಇನ್ನೊಂದು ಕಾರಣ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಕೊನೆ ತೆಗೆಯಲು ಮರ ಹತ್ತಿ ಬಿದ್ದು ಮೂಳೆ ಮುರಿದು ವಾರಗಟ್ಟಲೆ ಮಲಗಿದವರಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಯಾದವರಲ್ಲಿ, ಬಾಣಂತಿಯರಲ್ಲಿ ಒಂದು ಮೀನಖಂಡ ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಇದನ್ನು ಸಂಶಯಿಸಬೇಕು. ಎಣ್ಣೆ ಹಚ್ಚಿ ತಿಕ್ಕಲೇಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ತರಗೆಲೆಯ ನಡುವೆ ಕೆಲಸ ಮಾಡುವಾಗ ಏನೋ ಕಚ್ಚಿ ಕಾಲು ಬಾತರೆ ಹಾವೆಂದೇ ತಿಳಿಯಬೇಕು. ಕೊಳಕುಮಂಡಲ ಕಚ್ಚಿದಾಗ ಬಾವು ಬಲು ಬೇಗ ಏರುತ್ತದೆ. ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕಾಲು ಅಲುಗದಂತೆ ಆಸ್ಪತ್ರೆ ಸೇರಿಸಬೇಕು.

ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗ ಹಳೆಯದು. ಅದರ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1955ರಲ್ಲಿ. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ. ರೋಗಾಣು ರಾತ್ರಿ ಹೊತ್ತು ರಕ್ತದಲ್ಲಿ ಕಾಣಿಸಿಕೊಳ್ಳುವುದರಿಂದ ರಾತ್ರಿ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಆರಂಭದಲ್ಲಿ ಡಿ.ಇ.ಸಿ. ಮಾತ್ರೆ ಫಲಕಾರಿ. ವರ್ಷಗಟ್ಟಲೆ ದಪ್ಪಗಟ್ಟಿದ ಕಾಲು ಪೂರ್ತಿ ಇಳಿಯದಿದ್ದರೂ, ದಿನವೂ ಸೋಪು ಹಾಕಿ ತೊಳೆದು, ಬೆರಳ ಸಂದು ಒರೆಸಿ ಒಣಗಿಸಿದರೆ ಮೇಲಿಂದ ಮೇಲೆ ಬರುವ ಜ್ವರ, ನೋವು ಬಹಳ ಕಡಿಮೆಯಾಗುತ್ತವೆ.

ಎರಡೂ ಕಾಲು ಬಾತರೆ

ಕಾರಣ ಕಾಲಿನಿಂದ ದೂರದಲ್ಲಿರಬಹುದು. ಗುಡ್ಡ ಹತ್ತುವಾಗ ಏದುಸಿರು ಬಂದು, ರಾತ್ರಿ ಎರಡು ದಿಂಬಿಲ್ಲದೆ ಮಲಗಲಾಗದಿದ್ದರೆ ಹೃದಯದ ಪರೀಕ್ಷೆಯಾಗಬೇಕು. ಎರಡು ಮೂರು ದಿನಗಳಲ್ಲೇ 2 ಕಿಲೋ ತೂಕ ಏರಿದರೂ ಹಾಗೆಯೇ. ಬೆಳಿಗ್ಗೆ ಕಣ್ಣಿನ ಸುತ್ತ ಊದಿ, ಮೂತ್ರ ನೊರೆನೊರೆಯಾಗಿದ್ದರೆ ಮೂತ್ರಪಿಂಡದ ಕಡೆ ಗಮನ. ಹೊಟ್ಟೆಯೂ ಉಬ್ಬಿ ಕಣ್ಣು ಹಳದಿಯಾದರೆ ಯಕೃತ್ತಿನ ತೊಂದರೆ. ಹೆಂಡ ಕುಡಿಯುವವರು ಇದನ್ನು ಕಡೆಗಣಿಸಬಾರದು.

ತೋಟದ ಕೆಲಸದವರಲ್ಲಿ ರಕ್ತಹೀನತೆಯೂ ಒಂದು ಕಾರಣ. ನೆರಳಿನ ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವವರ ಪಾದದ ಚರ್ಮದ ಮೂಲಕ ಕೊಕ್ಕೆಹುಳು ದೇಹ ಸೇರಿ, ಕರುಳಿನಲ್ಲಿ ರಕ್ತ ಹೀರುತ್ತದೆ. ಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಕಾಲಿಗೆ ಬೂಟು, ಲೈನಿನ ಮನೆಗಳಿಗೆ ಶೌಚಾಲಯ, ಈ ನಾಲ್ಕನ್ನೂ ಒದಗಿಸುವುದು ಬೆಳೆಗಾರರಾದ ನಮ್ಮ ಹೊಣೆ.

ಬಸುರಿಯರಿಗೆ ಸಂಜೆ ಕಾಲು ಊದುವುದು ಸಾಮಾನ್ಯ. ಆದರೆ ಮುಖ, ಕೈ ಊದಿ, ತಲೆನೋವು ಬಂದು ಕಣ್ಣು ಮಂಜಾದರೆ ಕೂಡಲೇ ರಕ್ತದೊತ್ತಡ ನೋಡಿಸಬೇಕು.

ಮಾತ್ರೆಗಳಿಂದಲೂ ಬಾವು ಬರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್‌ನಿಂದ ಕೆಲವರ ಕಣಕಾಲು ಊದುವುದುಂಟು. ಅದನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ ಬದಲಿಸಿಕೊಡುತ್ತಾರೆ. ಮಂಡಿ ನೋವಿಗೆ ದಿನನಿತ್ಯ ನುಂಗುವ ಡೈಕ್ಲೋಫೆನ್ಯಾಕ್‌ನಂಥ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರನ್ನು ತಡೆಹಿಡಿದು ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು. ಅದರ ಮೇಲೆ ನೀರಿಳಿಸುವ ಮಾತ್ರೆಯನ್ನೂ ತಾವಾಗಿ ಸೇರಿಸಿದರೆ ಹಾನಿ ಇನ್ನೂ ಹೆಚ್ಚು.

ಮನೆಯಲ್ಲಿ ಮಾಡಬಹುದಾದ್ದು

ಕಾಲನ್ನು ಎದೆಗಿಂತ ಎತ್ತರಕ್ಕೆ ಇಟ್ಟು ದಿನಕ್ಕೆ ಮೂರು ನಾಲ್ಕು ಸಲ 15-20 ನಿಮಿಷ ಮಲಗಿ. ಮಲಗಿದರೆ ಉಸಿರು ಕಟ್ಟುವವರು ಮಾತ್ರ ಹೀಗೆ ಮಾಡದೆ ವೈದ್ಯರ ಬಳಿಗೆ ಹೋಗಬೇಕು. ಕುಳಿತು ಅಡಿಕೆ ಸುಲಿಯುವವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರಬಾರದು. ಮಿಡಿ ಉಪ್ಪಿನಕಾಯಿ, ಹಪ್ಪಳ, ಉಪ್ಪುಸೊಳೆ, ಒಣಮೀನು ಈ ಲೆಕ್ಕದಲ್ಲೇ ಸೇರುತ್ತವೆ. ನರ ಉಬ್ಬಿದವರು ಬೆಳಿಗ್ಗೆ ಏಳುವ ಮೊದಲೇ ಬೆರಳ ಬುಡದಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜು ಸುತ್ತಿಕೊಳ್ಳಬಹುದು. ಸಕ್ಕರೆ ಕಾಯಿಲೆ, ಮಾಯದ ಹುಣ್ಣು, ಪಾದ ತಣ್ಣಗಾಗುವುದು ಇದ್ದವರು ವೈದ್ಯರನ್ನು ಕೇಳದೆ ಇದನ್ನು ಕಟ್ಟಬಾರದು.

ಬಾವಿನ ಜೊತೆ ಎದೆನೋವು, ಉಸಿರುಗಟ್ಟುವಿಕೆ, ಚಳಿಜ್ವರ ಇದ್ದರೆ, ಅಥವಾ ಒಂದೇ ಕಾಲು ದಿಢೀರನೆ ಬಾತರೆ ಮನೆಮದ್ದಿಗೆ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ. ಉಳಿದ ಬಾವು ಒಂದು ವಾರದಲ್ಲಿ ಇಳಿಯದಿದ್ದರೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಹೋಗುವಾಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ತಮ್ಮ ತೋಟದ ಕೆಲಸದವರಿಗೂ ಸದಸ್ಯರು ಇದನ್ನು ಓದಿ ಹೇಳಬೇಕೆಂದು ಕೋರುತ್ತೇವೆ.