ಒಗಟಿನ ಲೆಕ್ಕ ಗಣಿತಕ್ಕೆ ಹತ್ತಿರ ಮಾಡುತ್ತದೆಯೇ, ದೂರ ಮಾಡುತ್ತದೆಯೇ?

ಗಣಿತದ ಒಗಟುಗಳಲ್ಲಿ ಎರಡು ಬಗೆ. ಒಂದರ ಕಷ್ಟ ಲೆಕ್ಕದ ಒಳಗೇ ಇರುತ್ತದೆ. ಇನ್ನೊಂದರ ಕಷ್ಟ ಲೆಕ್ಕವನ್ನು ಬರೆದ ರೀತಿಯಲ್ಲಿ. ಮಕ್ಕಳಲ್ಲಿ ಆಸಕ್ತಿ ಚಿಗುರುವುದೋ ಬಾಡುವುದೋ ಎಂಬುದು ಬಹುಮಟ್ಟಿಗೆ ಯಾವ ಬಗೆಯದು ಅವರ ಕೈಗೆ ಸಿಕ್ಕಿತು ಎನ್ನುವುದನ್ನು ಅವಲಂಬಿಸಿದೆ.

2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದ 8÷2(2+2) ಎರಡನೆಯ ಬಗೆಯದು. ಆವರಣದೊಳಗಿನದನ್ನು ಮುಗಿಸಿ ಎಡದಿಂದ ಬಲಕ್ಕೆ ಸಾಗಿದರೆ ಉತ್ತರ 16. 2(2+2) ಎಂಬುದನ್ನು ಒಂದೇ ಪದವೆಂದು ಹಿಡಿದರೆ 1. ಇನ್ನೊಂದು ಆವರಣ ಹಾಕಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಇಂಥದ್ದರಲ್ಲಿ ಸೋತ ಮಗು ತನಗೆ ಗಣಿತ ಬರುವುದಿಲ್ಲ ಎಂದುಕೊಳ್ಳುತ್ತದೆ. ಅದು ಅನ್ಯಾಯ, ಏಕೆಂದರೆ ಅಲ್ಲಿ ತಿಳಿಯಬೇಕಾದ ಗಣಿತವೇ ಇರಲಿಲ್ಲ.

ಬ್ಯಾಟು ಮತ್ತು ಚೆಂಡಿನ ಲೆಕ್ಕ ಈ ಎರಡು ಬಗೆಗಳ ನಡುವೆ ನಿಲ್ಲುತ್ತದೆ. ಅಮೆರಿಕದ ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ಇದು ಪ್ರಸಿದ್ಧವಾಯಿತು. ರೂಪಾಯಿಯಲ್ಲಿ ಹೇಳುವುದಾದರೆ, ಎರಡರ ಬೆಲೆ ಸೇರಿ 110. ಬ್ಯಾಟಿಗೆ ಚೆಂಡಿಗಿಂತ 100 ರೂಪಾಯಿ ಹೆಚ್ಚು. ಚೆಂಡಿನ ಬೆಲೆ ಎಷ್ಟು? ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಲ್ಲೂ ಅನೇಕರು 10 ಎಂಬುದಕ್ಕೆ ಸಮನಾದ ಉತ್ತರ ಕೊಟ್ಟರು. ಸರಿಯುತ್ತರ 5. ತರಗತಿಯಲ್ಲಿ ಗಡಿಯಾರ ಹಿಡಿದು ಇದನ್ನು ಕೇಳಿದರೆ ಅವಮಾನವಷ್ಟೇ ಉಳಿಯುತ್ತದೆ. ಉತ್ತರವನ್ನು ತಾಳೆ ನೋಡಲು ಬಿಡುವು ಕೊಟ್ಟರೆ, 10 ಮತ್ತು 110 ಸೇರಿ 120 ಆಗುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ.

ಮೊದಲ ಬಗೆಯ ಒಗಟಿಗೆ ಕನ್ನಡ ನಾಡಿನದೇ ಸೊಗಸಾದ ಮಾದರಿಯಿದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲವೊಂದು ಕಾಣುತ್ತದೆ. ಚೀಲ ತನಗೆ ಸಿಕ್ಕರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದಾಗುತ್ತದೆ ಎಂದು ಮೊದಲನೆಯವನು ಹೇಳುತ್ತಾನೆ. ಎರಡನೆಯವನು ಮೂರರಷ್ಟು ಎನ್ನುತ್ತಾನೆ, ಮೂರನೆಯವನು ಐದರಷ್ಟು.

ಇಲ್ಲಿ ಮಾತಿನ ಮೋಸವಿಲ್ಲ. ಚೀಲವೂ ಸೇರಿದ ಒಟ್ಟು ಹಣ ಮೂವರ ಮಾತಿನಲ್ಲೂ ಒಂದೇ ಎಂಬುದು ಹೊಳೆದರೆ ದಾರಿ ತೆರೆಯಿತು. ಮೊದಲನೆಯವನ ಮಾತಿನಂತೆ ಉಳಿದಿಬ್ಬರ ಬಳಿ ಇರುವುದು ಒಟ್ಟಿನ ಮೂರನೇ ಒಂದು ಭಾಗ. ಎರಡನೆಯವನ ಮಾತಿನಂತೆ ಅದು ನಾಲ್ಕನೇ ಒಂದು, ಮೂರನೆಯವನ ಮಾತಿನಂತೆ ಆರನೇ ಒಂದು. ಒಟ್ಟು 24 ಎಂದಿಟ್ಟುಕೊಂಡರೆ ಈ ಜೋಡಿಗಳು 8, 6, 4. ಕೂಡಿದರೆ 18. ಪ್ರತಿಯೊಬ್ಬನೂ ಎರಡು ಬಾರಿ ಸೇರಿರುವುದರಿಂದ ಮೂವರ ಹಣ 9, ಚೀಲದಲ್ಲಿ 15. ವರ್ತಕರ ಬಳಿ ಕ್ರಮವಾಗಿ 1, 3, 5. ಈ ನಾಲ್ಕನ್ನೂ ಇಮ್ಮಡಿಸಿದರೂ ಉತ್ತರ ಸರಿಯೇ.

ಉತ್ತರ ಸಿಕ್ಕ ಮೇಲೂ ಈ ಲೆಕ್ಕ ಮುಗಿಯುವುದಿಲ್ಲ. ಮೂವರ ಮಾತನ್ನು 2, 3, 4ಕ್ಕೆ ಬದಲಿಸಿದರೆ ಅವರ ಹಣ 7, 17, 23, ಚೀಲ 73. 1, 5, 5 ಎಂದಿಟ್ಟರೆ ಮೊದಲನೆಯವನ ಹಣ ಸೊನ್ನೆಗಿಂತ ಕೆಳಗಿಳಿಯುತ್ತದೆ, ಅಂದರೆ ಅವನು ಸಾಲಗಾರ. ಯಾವ ಸಂಖ್ಯೆಗಳಿಗೆ ಹೀಗಾಗುತ್ತದೆ ಎಂದು ಹುಡುಕುವ ವಿದ್ಯಾರ್ಥಿ ಆಗಲೇ ಗಣಿತಜ್ಞರ ಕೆಲಸಕ್ಕೆ ಕೈಹಾಕಿರುತ್ತಾನೆ.